ತಾಮೊ ಅತ್ತೆಯ ಐವರು ಸೊಸೆಯರು

ಎರಡು ಕೋಳಿಗೆ ನೂರ ಎಂಬತ್ತು ದಿರ್ಹಮ್. ಹಿಟ್ಟು, ಎಣ್ಣೆ, ಸಕ್ಕರೆ, ಪುದೀನ ಸೇರಿ ಇನ್ನೂರ ಅರವತ್ತು. ಸೌದೆಗೆ ನೂರು. ಗುಡ್ಡದ ಜೇಡಿಮಣ್ಣಿಗೆ ಕಾಸಿಲ್ಲ, ಆದರೆ ಅದನ್ನು ಹೊತ್ತು ತಂದ ಕತ್ತೆಯ ಬಾಡಿಗೆ ನಲವತ್ತು. ಅತ್ತೆಯ ಹಟಕ್ಕೆ ಪೇಟೆಯಿಂದ ಬಾಡಿಗೆಗೆ ತರಿಸಿದ ಪ್ಲಾಸ್ಟಿಕ್ ಕುರ್ಚಿಗಳಿಗೆ ಅರವತ್ತು. ಒಟ್ಟು ಆರುನೂರ ನಲವತ್ತು. ಮಡಕೆ ಮಾಡುವುದನ್ನು ಕಲಿಯಲು ಪ್ರವಾಸಿಗಳನ್ನು ಕರೆತರುವ ಟೆಟುವಾನ್ ಪಟ್ಟಣದ ಸಿಹಾಮ್ ತಲೆಗೆ ಇನ್ನೂರ ಐವತ್ತರಂತೆ ಐವರಿಗೆ ಕೊಡುತ್ತಾಳೆ. ಎಲ್ಲ ಕಳೆದು ಕೈಗೆ ಉಳಿಯುವುದು ಆರುನೂರ ಹತ್ತು.

ದೊಡ್ಡ ಮೊತ್ತವಲ್ಲ. ಆದರೆ ಬಂದವರಿಗೆ ಹಿಡಿಸಿದರೆ ಇನ್ನು ಮುಂದೆ ಪ್ರತಿ ತಿಂಗಳೂ ಕರೆತರುತ್ತೇನೆ ಎಂದು ಸಿಹಾಮ್ ಹೇಳಿದ್ದಳು. ಹಿಡಿಸದಿದ್ದರೆ ನಾನು ಸ್ಟ್ರಾಬೆರಿ ಕೀಳಲು ಸ್ಪೇನಿಗೆ ಹೋಗಬೇಕು. ನಮ್ಮ ಬೆಟ್ಟದ ಹೆಂಗಸರು ವರ್ಷವರ್ಷ ಹೋಗುತ್ತಾರೆ. ಗಂಡ ಮೀನುದೋಣಿಯಲ್ಲಿ ದುಡಿಯುವವನು, ಸಮುದ್ರ ಕೊಟ್ಟ ದಿನ ಉಂಟು, ಕೊಡದ ದಿನ ಇಲ್ಲ. ಕೂಲಿಯವರ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಸೋಮವಾರದೊಳಗೆ ಬರುತ್ತೇನೆಂದೋ ಇಲ್ಲವೆಂದೋ ಹೇಳಬೇಕಿತ್ತು. ನನ್ನ ಚಿಕ್ಕ ಮಗಳು ಇನ್ನೂ ನನ್ನ ತೋಳಿನ ಮೇಲಲ್ಲದೆ ನಿದ್ದೆ ಮಾಡುವುದಿಲ್ಲ.

ಗುರುವಾರ ಬೆಳಿಗ್ಗೆ ವ್ಯಾನು ಬಂತು. ನಾಲ್ವರು ಹೆಂಗಸರು, ಒಬ್ಬ ಗಂಡಸು. ಗಂಡಸಿನ ಹೆಸರು ಯೋರಿಸ್, ಹಾಲೆಂಡಿನವನು, ನಮ್ಮ ಬಾಗಿಲಿಗಿಂತ ಎತ್ತರ. ಹೆಂಗಸರಲ್ಲಿ ಜೋರಿನವಳು ಪಿಲಾರ್, ಸ್ಪೇನಿನಲ್ಲಿ ಬಸ್ಸು ಓಡಿಸುತ್ತಾಳಂತೆ. ಅತ್ತೆ ತಾಮೊ ಎಲ್ಲರನ್ನೂ ಕುರ್ಚಿಯಲ್ಲಿ ಕೂರಿಸಿ ಚಹಾ ಕೊಟ್ಟಳು, ರೊಟ್ಟಿ ಕೊಟ್ಟಳು, ಮೊಟ್ಟೆ ಕೊಟ್ಟಳು, ಮತ್ತೆ ಚಹಾ ಕೊಟ್ಟಳು. ಆಮೇಲೆ ಮಣ್ಣು ತಂದಿಟ್ಟೆವು.

ಪಿಲಾರ್ ಆಸೆಯಿಂದ ಒಂದು ಉಂಡೆ ತೆಗೆದುಕೊಂಡಳು. ಅತ್ತೆ ನಗುತ್ತಲೇ ಅದನ್ನು ಅವಳ ಕೈಯಿಂದ ಬಿಡಿಸಿಕೊಂಡು, "ಕೊಡಿ ತಾಯಿ, ನಾನ್ ಮಾಡ್ತೀನಿ. ನೀವು ಆರಾಮಾಗಿ ಕೂತ್ಕೊಳ್ಳಿ," ಎಂದಳು. ಯೋರಿಸ್ ಹೊಸೆಯುತ್ತಿದ್ದ ಮಣ್ಣಿನ ಸುರುಳಿಯನ್ನೂ ಕಿತ್ತುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಹಲಗೆಯ ಮೇಲೆ ಐದು ಚಂದದ ಬಟ್ಟಲುಗಳಿದ್ದವು. ಐದೂ ಅತ್ತೆಯವು. ಪ್ರವಾಸಿಗಳ ಕೈ ತೊಳೆದಿಟ್ಟಷ್ಟು ಚೊಕ್ಕವಾಗಿತ್ತು.

ಸಿಹಾಮ್ ನನ್ನನ್ನು ಗೋಡೆಯ ಹಿಂದಕ್ಕೆ ಎಳೆದಳು.

"ಯಾಮ್ನಕ್ಕ, ಇವ್ರು ಕೈ ಕೆಸರು ಮಾಡ್ಕೊಳ್ಳೋಕೆ ದುಡ್ಡು ಕೊಟ್ಟಿರೋದು. ಮೊಟ್ಟೆ ತಿನ್ನೋಕಲ್ಲ. ಹಿಂಗೇ ಆದ್ರೆ ಇನ್ನೊಂದ್ಸಲ ಕರ್ಕೊಂಡ್ ಬರಕ್ಕಾಗಲ್ಲ, ಬೇಜಾರ್ ಮಾಡ್ಕೋಬೇಡ."

ನಾನು ಒಲೆಯ ಹತ್ತಿರ ಅತ್ತೆಯನ್ನು ಹಿಡಿದೆ. "ಅತ್ತೆ, ಅವ್ರಿಗೂ ಮಾಡಕ್ಕೆ ಬಿಡಿ."

"ನಿಂಗೇನು ತಲೆ ಕೆಟ್ಟಿದ್ಯಾ? ಮನೆಗ್ ಬಂದ ನೆಂಟ್ರ ಕೈಲಿ ಮಣ್ಣು ತುಳಿಸ್ಬೇಕಾ? ಬಾವಿ ಹತ್ರ ನಾನು ಹೆಂಗ್ ಮುಖ ತೋರಿಸ್ಲಿ?"

"ದುಡ್ಡು ಕೊಟ್ಟಿದ್ದಾರೆ ಅತ್ತೆ."

"ದುಡ್ಡು ಕೊಟ್ಟೂ ದುಡೀಬೇಕಾ? ಇನ್ನೂ ನಾಚಿಕೆಗೇಡು."

ವಾದಿಸಿ ಗೆಲ್ಲಬಹುದಾದ ಹೆಂಗಸಲ್ಲ ಅವಳು. ನಾನು ಮದುವೆಯಾಗಿ ಬಂದಾಗ ಇದೇ ಅತ್ತೆ ವಾರವಿಡೀ ನನ್ನನ್ನು ಮೆತ್ತೆಯ ಮೇಲೆ ಕೂರಿಸಿ, ಬಾಯಿಗೆ ಬಾದಾಮಿ ಇಟ್ಟಿದ್ದಳು. ಎಂಟನೇ ದಿನ ಬೆಳಗಾಗುತ್ತಲೇ ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊರಿಸಿದ್ದಳು. ಅದು ನೆನಪಾಗಿ ನನಗೆ ದಾರಿ ಹೊಳೆಯಿತು.

"ಇವ್ರು ನೆಂಟರಲ್ಲ ಅತ್ತೆ. ಸೊಸೆಯಂದ್ರು ಅನ್ಕೊಳ್ಳಿ. ಮದುವೆ ವಾರ ಬೆಳಿಗ್ಗೇನೇ ಮುಗೀತು."

ಅತ್ತೆ ಸೌಟು ಕೆಳಗಿಟ್ಟಳು. "ಐದು ಜನಾನೂನಾ?"

"ಐದು ಜನಾನೂ."

"ಆ ಗಡ್ಡದವನೂ?"

"ಅವನೇ ದೊಡ್ಡ ಸೊಸೆ."

ಅತ್ತೆ ಸೊಂಟಕ್ಕೆ ಸುತ್ತಿದ ಪಟ್ಟೆಪಟ್ಟೆಯ ಬಟ್ಟೆಯನ್ನು ಎತ್ತಿ ಸಿಕ್ಕಿಸಿಕೊಂಡು ಅಂಗಳಕ್ಕೆ ಬಂದಳು. ಮೊದಲು ಕುರ್ಚಿಗಳನ್ನು ಎತ್ತಿ ಬೇಲಿಯ ಆಚೆ ಇಟ್ಟಳು. ಆಮೇಲೆ ಬಟ್ಟಲಿನ ಹಲಗೆಯನ್ನು ಒಳಗೆ ಸೇರಿಸಿದಳು. ಬೆಳಿಗ್ಗೆಯಿಂದ 'ನೀವು' ಎನ್ನುತ್ತಿದ್ದವಳು ಒಮ್ಮೆಗೇ 'ನೀನು' ಎಂದಳು.

"ಏಯ್ ಉದ್ದ ಸೊಸೆ, ಬೂಟ್ಸ್ ಬಿಚ್ಚು. ಮಣ್ಣು ತುಳಿ. ಹಿಮ್ಮಡಿಯಿಂದ, ಬೆರಳಿಂದ ಅಲ್ಲ. ಹೊಟ್ಟೆಗ್ ಹಾಕಿದ ಮೊಟ್ಟೆ ಎಲ್ಲಿ ಹೋಯ್ತು?"

ಸಿಹಾಮ್ ಅನುವಾದಿಸಿದಳು. ಯೋರಿಸ್ ಓಡಿಯೇ ಹೋಗಿ ಮಣ್ಣಿನ ಮೇಲೆ ನಿಂತ. ಇನ್ನಿಬ್ಬರು ಹಳೆಯ ಮಡಕೆಚೂರುಗಳನ್ನು ಕುಟ್ಟಿ ಪುಡಿ ಮಾಡಿ ಅದಕ್ಕೆ ಬೆರೆಸಿದರು. ಪಿಲಾರ್ ಸುರುಳಿ ಹೊಸೆದು ಬಟ್ಟಲಿನ ಅಂಚು ಏರಿಸತೊಡಗಿದಳು, ಆದರೆ ಬಟ್ಟಲನ್ನೇ ಹಿಡಿದು ತಿರುಗಿಸಹೊರಟಳು. ಅತ್ತೆ ಅವಳ ಕೈಗೆ ಒಂದು ಏಟು ಕೊಟ್ಟಳು.

"ಬಟ್ಟಲು ನಿಂತಿರತ್ತೆ. ಸುತ್ತಬೇಕಾದವಳು ನೀನು. ಬಗ್ಗು. ಇನ್ನೂ ಬಗ್ಗು. ಬಸ್ಸಲ್ಲಿ ಕೂತೂ ಕೂತೂ ಸೊಂಟ ಕಬ್ಬಿಣ ಆಗಿದೆ."

ಈ ಮಾತಿಗೆ ಅನುವಾದವೇ ಬೇಕಾಗಲಿಲ್ಲ. ಐವರೂ ಬಗ್ಗಿಕೊಂಡು ತಮ್ಮ ತಮ್ಮ ಬಟ್ಟಲನ್ನು ಸುತ್ತಿದರು. ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನಕ್ಕರು. ಯೋರಿಸ್‌ನ ಬಟ್ಟಲು ಒಂದು ಕಡೆಗೆ ವಾಲಿತ್ತು. ಅತ್ತೆ ಅದನ್ನು ಅಂಗೈಯಲ್ಲಿ ಚಪ್ಪಟೆ ಮಾಡಿ, "ಮತ್ತೆ," ಎಂದಳು. ಅವನು ಮತ್ತೆ ಮಾಡಿದ. ಅವಳು ಮತ್ತೆ ಚಪ್ಪಟೆ ಮಾಡಿದಳು. ಇವನೆಲ್ಲಿ ಎದ್ದು ಹೋಗುತ್ತಾನೋ ಎಂದು ನಾನು ಹೆದರಿದೆ. ಅವನು ಅಂಗಿಯ ತೋಳು ಇನ್ನಷ್ಟು ಮೇಲೇರಿಸಿ, ನಮ್ಮ ಭಾಷೆಯಲ್ಲೇ "ಮತ್ತೆ" ಎಂದ. ಬೇಲಿಯ ಆಚೆ ನೆರೆಯ ಹೆಂಗಸರು ಸಾಲಾಗಿ ನಿಂತಿದ್ದರು.

"ತಾಮೊ, ಗಂಡಸಿನ ಕೈಲಿ ಬಟ್ಟಲು ಮಾಡಿಸ್ತಿದ್ದೀಯಲ್ಲೇ."

"ನಿನ್ ಗಂಡನ್ನೂ ಕಳ್ಸು, ಕಲಿಸ್ತೀನಿ," ಎಂದಳು ಅತ್ತೆ, ತಿರುಗಿಯೂ ನೋಡದೆ.

ಬಿಸಿಲಿಗೆ ಬಟ್ಟಲುಗಳು ಒಣಗಿದವು. ಭಾನುವಾರ ಸುಡಲು ಎಲ್ಲರೂ ಮತ್ತೆ ಬಂದರು. ಸೌದೆಯ ಮೇಲೆ ಬಟ್ಟಲು ಬೋರಲಿಟ್ಟು, ಬೆರಣಿ ಮುಚ್ಚಿ, ಅತ್ತೆ ಬೆಂಕಿ ಕೊಟ್ಟಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಟಪ್ ಎಂದಿತು. ಪಿಲಾರ್ ನನ್ನ ತೋಳು ಹಿಡಿದುಕೊಂಡಳು. ಇನ್ನೊಂದು ಟಪ್. ಊಟಕ್ಕೆ ಕರೆದರೂ ಯಾರೂ ಏಳಲಿಲ್ಲ. ಹೊಗೆಯಿಂದ ಕಣ್ಣು ಕೆಂಪಾಗಿದ್ದರೂ ಬೆಂಕಿಯ ಸುತ್ತ ಮಂಡಿಯೂರಿ ಕೂತಿದ್ದರು.

ಬೂದಿ ಕೆದಕಿದಾಗ ಎರಡು ಒಡೆದಿದ್ದವು. ಪಿಲಾರ್‌ಳದು ಅದರಲ್ಲೊಂದು. ಮೂರು ಗಟ್ಟಿಯಾಗಿದ್ದವು. ಯೋರಿಸ್‌ನ ಬಟ್ಟಲನ್ನು ಅತ್ತೆ ಬೆರಳಿನ ಗೆಣ್ಣಿನಿಂದ ಬಡಿದಳು, ಕಂಚಿನ ಹಾಗೆ ನುಡಿಯಿತು. "ಸೊಟ್ಟಗಿದೆ. ಆದ್ರೆ ನೀರು ನಿಲ್ಲತ್ತೆ," ಎಂದು ಅವನ ಕೈಗಿಟ್ಟಳು. ಅವನು ಅದನ್ನು ಮಗುವಿನಂತೆ ಎತ್ತಿಕೊಂಡ. ಬಟ್ಟಲು ಒಡೆದುಹೋದವರಿಗೆ ಬದಲಿಗೆ ಅತ್ತೆ ಹಿಂದೆ ಮಾಡಿ ಸುಟ್ಟಿಟ್ಟಿದ್ದ ಬಟ್ಟಲು ಕೊಡಲು ಹೋದೆ. ಪಿಲಾರ್ ಬೇಡವೆಂದು ತನ್ನ ಚೂರುಗಳನ್ನೇ ಶಾಲಿನಲ್ಲಿ ಕಟ್ಟಿಕೊಂಡು, ವಸಂತದಲ್ಲಿ ಮತ್ತೆ ಬರುತ್ತೇನೆ, ಅಷ್ಟರಲ್ಲಿ ಸೊಂಟ ಬಗ್ಗಿಸಲು ಕಲಿಯುತ್ತೇನೆ ಎಂದು ಸಿಹಾಮ್‌ಳಿಂದ ಹೇಳಿಸಿದಳು.

ವ್ಯಾನು ಹತ್ತುವ ಮೊದಲು ಸಿಹಾಮ್ ಲೆಕ್ಕ ಚುಕ್ತಾ ಮಾಡಿ, "ಮುಂದಿನ ತಿಂಗಳು ಎಂಟು ಜನ. ಕುರ್ಚಿ ಬೇಡ. ಅತ್ತೆ ಮಾತ್ರ ಹಿಂಗೇ ಬೈತಿರ್ಬೇಕು," ಎಂದಳು.

ಸೋಮವಾರ ಪೇಟೆಗೆ ಹೋಗಿ ಪಟ್ಟಿಯಿಂದ ನನ್ನ ಹೆಸರು ತೆಗೆಸಿದೆ. ಸ್ಟ್ರಾಬೆರಿ ತೋಟದ ಮೂರು ತಿಂಗಳ ಕೂಲಿ ಈ ಕೆಲಸದಲ್ಲಿ ಒಂದು ವರ್ಷಕ್ಕೂ ಹುಟ್ಟುವುದಿಲ್ಲ, ಅದು ಕೈಬಿಟ್ಟುಹೋಯಿತು. ಮಕ್ಕಳನ್ನು ಬಿಟ್ಟು ಹೋಗುವುದು ತಪ್ಪಿತು.