ಒದ್ದೆ ಕೈಗಳು

ಇವತ್ತೂ ಹಿಂಬಾಗಿಲಿನಿಂದಲೇ ಒಳಗೆ ಬಂದುಬಿಟ್ಟೆನಲ್ಲ ಎಂದು ಮಾರೆನ್ ತನ್ನೊಳಗೇ ನಾಚಿದಳು. ಯಾರೂ ಗಮನಿಸಿರಲಿಲ್ಲ. ಡೆನ್ಮಾರ್ಕಿನ ಆ ಪುಟ್ಟ ಊರಿನ ಸಭಾಮನೆಗೆ ಹೆಂಗಸರು ಬರುವುದೇ ಹಾಗೆ, ಕೈಯಲ್ಲೊಂದು ಪಾತ್ರೆ ಹಿಡಿದು, ಅಡುಗೆಮನೆಯ ಮೂಲಕ. ಗಂಡಸರು ಮುಂಬಾಗಿಲಲ್ಲಿ ಬೂಟಿನ ಹಿಮ ಕೊಡವಿ ಬರುತ್ತಾರೆ. ಹೀಗೇ ಬರಬೇಕೆಂದು ಯಾರೂ ಯಾವತ್ತೂ ಹೇಳಿದ್ದಿಲ್ಲ. ಆದರೆ ಸಭಾಮನೆಗೆ ತಾನು ಬರೆದ ಹೊಸ ನಕ್ಷೆಯಲ್ಲಿ ಆ ಹಿಂಬಾಗಿಲನ್ನು ಅಳಿಸಿದವಳು ಮಾರೆನ್. ಅಡುಗೆಮನೆಗೂ ಹಜಾರಕ್ಕೂ ನಡುವಿನ ಗೋಡೆಯನ್ನೂ ಅಳಿಸಿದ್ದಳು.

ಆರ್ಹುಸ್ ನಗರದಲ್ಲಿ ವಾಸ್ತುಶಿಲ್ಪ ಓದಿ ಮುಗಿಸಿ ಅವಳು ಊರಿಗೆ ಮರಳಿದಾಗ ಅಧ್ಯಕ್ಷ ಹೋಲ್ಗರ್, "ಸಭಾಮನೆ ರಿಪೇರಿಗೆ ಒಂದು ನಕ್ಷೆ ಮಾಡ್ಕೊಡಮ್ಮ" ಎಂದಿದ್ದರು. ಮೂರು ತಲೆಮಾರಿನ ಹಿಂದೆ ಊರವರೇ ಇಟ್ಟಿಗೆ ಹೊತ್ತು ಕಟ್ಟಿದ ಮನೆ ಅದು. ಸಾವಿರದ ಒಂಬೈನೂರ ಎಪ್ಪತ್ತೆಂಟರ ಆ ಮಾರ್ಚ್ ಸಂಜೆ, ವಾರ್ಷಿಕ ಸಭೆಯಲ್ಲಿ, ನಕ್ಷೆಗೆ ಊರು ಕೈಯೆತ್ತಿ ಒಪ್ಪಿಗೆ ಕೊಡಬೇಕಿತ್ತು. ಒಂದು ಪ್ರತಿ ಹಜಾರದ ಗೋಡೆಯ ಮೇಲಿತ್ತು. ಇನ್ನೊಂದನ್ನು ಮಾರೆನ್ ಅಳುಕುತ್ತಲೇ ಅಡುಗೆಮನೆಯ ಫ್ರಿಜ್ಜಿಗೆ ಅಂಟಿಸಿದಳು.

ಹಂದಿಮಾಂಸದ ಊಟ ಮುಗಿದು, ಕೆಂಪು ಎಲೆಕೋಸಿನ ಕಲೆ ಹತ್ತಿದ ತಟ್ಟೆಗಳು ಸಿಂಕಿನ ಪಕ್ಕದಲ್ಲಿ ರಾಶಿ ಬಿದ್ದಿದ್ದವು. ಮೂವತ್ತು ವರ್ಷದಿಂದ ಆ ಅಡುಗೆಮನೆ ಆಳಿದ್ದ ಕಿರ್ಸ್ಟೆನ್ ಅತ್ತೆ ಕನ್ನಡಕ ಒರೆಸಿಕೊಂಡು ನಕ್ಷೆಯ ಮುಂದೆ ನಿಂತಳು.

"ಇಲ್ಲಿದ್ದ ಗೋಡೆ ಎಲ್ಲೇ?"

"ತೆಗ್ದಿದೀನಿ ಅತ್ತೆ. ನೀವೂ ಹಜಾರದಲ್ಲೇ ಇರ್ತೀರಿ."

"ಅಯ್ಯೋ, ಹಾಗಾದ್ರೆ ಗ್ರೇವಿ ಗಂಟು ಕಟ್ಟಿದಾಗ ನಾನು ಬಯ್ಯೋದೆಲ್ಲ ಪಾದ್ರಿಗೂ ಕೇಳ್ಸುತ್ತೆ!" ಎಂದಳು ತಟ್ಟೆ ಒರೆಸುತ್ತಿದ್ದ ಗುಡ್ರುನ್.

"ಕೇಳ್ಲಿ ಬಿಡೇ. ಭಾನುವಾರದ ಉಪದೇಶಕ್ಕೆ ಸ್ವಲ್ಪ ಖಾರ ಬರುತ್ತೆ," ಎಂದರು ಯಾರೋ. ಹೆಂಗಸರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅತ್ತೆ ಮಾತ್ರ ನಗಲಿಲ್ಲ.

"ಪುಟ್ಟೀ, ಊರಿಗೆ ಶಿಶುವಿಹಾರ ಬೇಕು ಅಂತ ತೀರ್ಮಾನ ಆಗಿದ್ದು ಎಲ್ಲಿ ಅನ್ಕೊಂಡೆ? ಈ ಸಿಂಕ್ ಹತ್ರ. ಒಬ್ಬೊಬ್ಬಳೂ ಮನೆಗೆ ಹೋಗಿ ಗಂಡನ ಕಿವೀಲಿ ಊದಿದ್ವಿ. ಮುಂದಿನ ಸಭೇಲಿ ಈ ಹೋಲ್ಗರ್ ಎದ್ದು ನಿಂತು, 'ನಂಗೊಂದು ಯೋಚ್ನೆ ಬಂದಿದೆ' ಅಂದ!" ಮತ್ತೆ ನಗು ಎದ್ದಿತು. ಅತ್ತೆಯ ಕತ್ತು ಹೆಮ್ಮೆಯಿಂದ ನೆಟ್ಟಗಾಗಿತ್ತು. "ಗೋಡೆ ಇಲ್ದೆ, ಅವ್ರ ಕಣ್ಣೆದುರಿಗೇ ಇದೆಲ್ಲ ಮಾತಾಡೋಕಾಗುತ್ತಾ?"

ಮಾರೆನ್‌ಳ ಕಿವಿ ಬಿಸಿಯಾಯಿತು. ಗೋಡೆಯ ಹಿಂದೆ ಮರೆಯಾದವರು ಎಂದುಕೊಂಡು ಇವರಿಗಾಗಿಯೇ ಆ ನಕ್ಷೆ ಬರೆದಿದ್ದಳು. ಆದರೆ ಇವರು ಇಲ್ಲಿಂದಲೇ ಊರು ನಡೆಸಿದ್ದರು. ಅವಳಿಗೆ ಇವರ ಬಗ್ಗೆ ಎದೆ ತುಂಬಿ ಬಂತು. ಆದರೂ, ಯೋಚನೆ ನಿಮ್ಮದು, ಅದನ್ನು ಎದ್ದು ನಿಂತು ಹೇಳುವ ಭಾಗ್ಯ ಮಾತ್ರ ಯಾಕೆ ಅವರದು ಎಂದು ಕೇಳಬೇಕೆನಿಸಿತು. ಬಾಯಿ ತೆರೆದವಳು ಒಂದು ಒದ್ದೆ ತಟ್ಟೆಯತ್ತ ಕೈ ಚಾಚಿದಳು.

"ಏನೋ ಹೇಳೋಕೆ ಬಂದೆ?"

"ಏನಿಲ್ಲ ಅತ್ತೆ," ಎಂದು ಒರೆಸುವ ಬಟ್ಟೆ ಕೈಗೆತ್ತಿಕೊಂಡಳು.

ಹಜಾರದಲ್ಲಿ ಕಾಫಿ ಶುರುವಾಗಿತ್ತು. ಸಭೆ ನಡೆಯುವುದು ಯಾವಾಗಲೂ ಕಾಫಿಯ ಹೊತ್ತಿಗೇ, ಪಾತ್ರೆ ತೊಳೆಯುವುದೂ ಆಗಲೇ. ಅಲ್ಲಿ ಕೈಗಳು ಮೇಲೇಳುವಾಗ ಇಲ್ಲಿ ಕೈಗಳು ನೀರಿನಲ್ಲಿರುತ್ತವೆ. ಎಣಿಸಿ ಮುಗಿದ ಮೇಲೆ ಅಧ್ಯಕ್ಷರು ಗೋಡೆಯಲ್ಲಿನ ಬಡಿಸುವ ಕಿಂಡಿಯ ಕಡೆ ತಿರುಗಿ, "ಅಡುಗೆಮನೆಯವ್ರೂ ಒಪ್ಪಿದೀರಲ್ಲ?" ಎನ್ನುತ್ತಾರೆ. ಯಾರೋ "ಹ್ಞೂಂ, ಹ್ಞೂಂ" ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಕಿಂಡಿಯ ಆಚೆ ಹೋಲ್ಗರ್ ಗಂಟಲು ಸರಿಮಾಡಿಕೊಂಡರು. "ನಕ್ಷೆ ಬಲು ಚೆನ್ನಾಗಿದೆ. ನಮ್ಮೂರ ಹುಡುಗಿ ಅನ್ನೋಕೆ ಹೆಮ್ಮೆ. ಒಂದೇ ತಿದ್ದುಪಡಿ, ಅಡುಗೆಮನೆ ಗೋಡೆ ಇರ್ಲಿ. ಪಾತ್ರೆ ಸದ್ದು, ಹೆಂಗಸ್ರ ಹರಟೆ, ಇದ್ರ ಮಧ್ಯೆ ಸಭೆ ಮಾಡೋಕಾಗುತ್ತಾ? ಗೋಡೆ ಉಳೀಲಿ ಅನ್ನೋರು ಕೈ ಎತ್ತಿ."

ಸೋಪಿನ ನೊರೆಯಲ್ಲಿ ಅತ್ತೆಯ ಕೈ ನಿಂತಿತು.

"ಹರಟೆಯಂತೆ," ಎಂದಳು ಮೆಲ್ಲಗೆ.

"ಶಿಶುವಿಹಾರನೂ ಹರಟೇನೇ ಆಗಿತ್ತು," ಎಂದಳು ಗುಡ್ರುನ್. ಈ ಸಲ ಯಾರೂ ನಗಲಿಲ್ಲ.

"ಗೋಡೆ ಬೇಡ ಅನ್ನೋರು?" ಆಚೆಯಿಂದ ಕೇಳಿಸಿತು.

ಅತ್ತೆ ಫ್ರಿಜ್ಜಿನ ಮೇಲಿನ ನಕ್ಷೆಯನ್ನೊಮ್ಮೆ, ತನ್ನ ಗೋಡೆಯನ್ನೊಮ್ಮೆ ನೋಡಿದಳು. "ಇದು ಇರ್ಬೇಕೋ ಬೇಡ್ವೋ ಅಂತ ಹೇಳೋಳು ನಾನು," ಎಂದವಳೇ ಕೈ ಒರೆಸಿಕೊಳ್ಳದೆ ಮೇಲೆತ್ತಿದಳು. ನೀರು ಮೊಣಕೈವರೆಗೆ ಇಳಿದು ತೋಳಿನ ಬಟ್ಟೆಯೊಳಗೆ ಸೇರಿತು. ಗುಡ್ರುನ್ ಎತ್ತಿದಳು. ಒಲೆಯ ಹತ್ತಿರದವರು, ಬಾಗಿಲ ಹತ್ತಿರದವರು ಎತ್ತಿದರು. ಹಜಾರದಿಂದ ನೋಡಿದರೆ ಅವುಗಳಲ್ಲಿ ಒಂದು ಕೈಯೂ ಕಾಣುತ್ತಿರಲಿಲ್ಲ.

"ಉಳೀಲಿ ಅನ್ನೋರೇ ಸ್ವಲ್ಪ ಹೆಚ್ಚು," ಎಂದರು ಹೋಲ್ಗರ್. ಆಮೇಲೆ ಕಾಫಿ ಲೋಟದಿಂದ ಕಣ್ಣೆತ್ತದೆ, "ಅಡುಗೆಮನೆಯವ್ರೂ ಒಪ್ಪಿದೀರಲ್ಲ?"

ಮಾರೆನ್ ಬಟ್ಟೆ ಕೆಳಗಿಟ್ಟಳು. ಕಿಂಡಿಯ ಕಟ್ಟೆಗೆ ಎರಡೂ ಕೈ ಊರಿ, ಕೆಂಪೇರಿದ ಕಿವಿಗಳ ಸಮೇತ ಹಜಾರದೊಳಕ್ಕೆ ತಲೆ ಚಾಚಿದಳು.

"ಇಲ್ಲ ಹೋಲ್ಗರ್," ಎಂದಳು. "ಇಲ್ಲಿರೋ ಕೈಗಳನ್ನ ನೀವು ಎಣಿಸಲೇ ಇಲ್ಲ."