ಮಿಂಚು ಮಹಾರಾಜರ ಸಮ್ಮುಖಕ್ಕೆ

"ಯಾರೂ ನನ್ನ ಕೇಳ್ಲೇ ಇಲ್ವಾ?"

ಕಪ್ಪು ಕನ್ನಡಕದ ಹಿಂದಿನಿಂದ ಮಾವ ಕೇಳಿದರು. ಸೊಸೆ ಹೊಲಿಗೆ ಮಿಷನ್ ನಿಲ್ಲಿಸಿ ಅವರ ಫೋನನ್ನು ಕೈಗೆತ್ತಿಕೊಂಡಳು. ಊರೂರಿನವರು ಫೋನಿನಲ್ಲೇ ಸೇರಿ ಆಡುವ ಕೋಟೆಯ ಆಟದಲ್ಲಿ ಮೊನ್ನೆಯವರೆಗೂ ಮಾವನಿಗೆ "ಸಾರಥಿ ಮಹಾರಾಜರಿಗೆ ಜಯವಾಗಲಿ" ಎನ್ನುತ್ತಿದ್ದವರೆಲ್ಲ ಈಗ ಮಿಂಚು ಮಹಾರಾಜರಿಗೆ ಜಯಕಾರ ಹಾಕುತ್ತಿದ್ದರು. ಹಳೇ ರಾಜರ ಬಗ್ಗೆ ಒಂದಕ್ಷರವಿಲ್ಲ.

"ಕೇಳಿದಾರೆ ಮಾವ, ಒಬ್ರಿಬ್ರು," ಎಂದು ಸುಳ್ಳು ಹೇಳಿದಳು.

ಬಸ್ಸು ಓಡಿಸಿ ನಿವೃತ್ತರಾದ ಮೇಲೆ ಅವರಿಗೆ ಆ ಸಿಂಹಾಸನವೇ ಡ್ರೈವರ್ ಸೀಟು. ಕಣ್ಣಿನ ಆಪರೇಷನ್ನಿಗೆ ಹೋಗುವಾಗ ಹೇಳಿದ್ದು ಇಷ್ಟೇ: "ದಿನಾ ಒಂದ್ಸಲ ನನ್ನ ಹಾಜರಿ ಒತ್ತಮ್ಮ. ರಾಜ ಮೂರು ದಿನ ಕಾಣಿಸ್ದಿದ್ರೆ ಪಟ್ಟ ಮಂತ್ರಿಗೆ ಹೋಗುತ್ತೆ."

ಮಂತ್ರಿ ಮಿಂಚು ಯಾವುದೋ ಊರಿನ ಚುರುಕು ಹುಡುಗನೆಂದು ಅವರ ನಂಬಿಕೆ. ಆ ಹುಡುಗ ಇದೇ ಮನೆಯ ಅಡುಗೆಮನೆಯಲ್ಲಿ ನಿಂತು ಅವರಿಗೆ ಕಾಫಿ ಬೆರೆಸುತ್ತಿದ್ದಳು.

ಸೊಸೆ ಸುಳ್ಳು ಹೆಸರಿನಲ್ಲಿ ತಮಾಷೆಗೆಂದು ಆಟಕ್ಕೆ ಸೇರಿದ್ದಳು. ಬರಬರುತ್ತ ತಮಾಷೆ ಉಳಿಯಲಿಲ್ಲ. ಮನೆಯಲ್ಲೂ ಅವರದೇ ಮಾತು, ಕೋಟೆಯಲ್ಲೂ ಅವರದೇ. ಮಂತ್ರಿಯ ಸಲಹೆಗೆ ಕವಡೆ ಕಿಮ್ಮತ್ತಿಲ್ಲ. ಮೂರು ದಿನವೂ ಅವರ ಫೋನು ಕೈಯಲ್ಲೇ ಇತ್ತು. ಬೇಕೆಂದೇ ಒತ್ತಲಿಲ್ಲ. ಪಟ್ಟ ಸಿಕ್ಕಾಗ ಖುಷಿಯೂ ಆಯಿತು.

"ನಾನು ಮರ್ತೇಬಿಟ್ಟೆ ಮಾವ..."

"ಬಿಡಮ್ಮ, ಎಷ್ಟು ಸಲ ಅದನ್ನೇ ಹೇಳ್ತೀಯ? ನನ್ನ ಕಣ್ಣಿಗೆ ಔಷಧಿ ಬಿಡ್ತೀಯೋ, ಬಟ್ಟೆ ಹೊಲೀತೀಯೋ, ಅಡುಗೆ ನೋಡ್ತೀಯೋ? ನಿನಗಿರೋದೂ ಎರಡೇ ಕೈ." ಮಾವ ನಕ್ಕರು. "ಆ ಹುಡುಗನೂ ಒಳ್ಳೇವ್ನೇ. ನಾನೇ ಅವನ ಮಾತಿಗೆ ಬೆಲೆ ಕೊಡ್ಲಿಲ್ಲ. ಒಂದು ಅರ್ಜಿ ಹಾಕೋಣ, ನಾನು ಹೇಳ್ತೀನಿ, ನೀನು ಬರಿ."

ಇವರು ಬೈದಿದ್ದರೆ ಎಷ್ಟೋ ವಾಸಿಯಿತ್ತು ಎನಿಸಿತು ಅವಳಿಗೆ.

"ಮಿಂಚು ಮಹಾರಾಜರ ಸಮ್ಮುಖಕ್ಕೆ... ಹಳೇ ರಾಜನ್ನ ಕೋಟೆಯಿಂದ ಓಡ್ಸೋದು ಪದ್ಧತಿ ಅಂತ ಗೊತ್ತು. ನನ್ನ ಓಡಿಸ್ಬೇಡಿ. ಬಾಗಿಲು ಕಾಯೋ ಕೆಲಸ ಕೊಟ್ರೂ ಸಾಕು. ಬರೆದ್ಯಾ?"

"ಬರೆದೆ."

"ಕಣ್ಣು ಸರಿಯಾದ ತಕ್ಷಣ ಹಾಜರಾಗ್ತೀನಿ ಅಂತಾನೂ ಸೇರಿಸು."

ಸೇರಿಸಿ ಕಳಿಸಿದಳು. ಮಿಷನ್ನಿನ ಡ್ರಾಯರಿನಲ್ಲಿ ಅವಳ ಫೋನು ನಡುಗಿತು. ಪಕ್ಕದ ಗುಂಡಿ ಡಬ್ಬಿಯೂ ಗಲಗಲ ಎಂದಿತು.

"ನಿನ್ನ ಫೋನು ನೋಡಮ್ಮ. ಯಾರೋ ಗಿರಾಕಿ ಇರ್ಬೇಕು."

"ಆಮೇಲೆ ನೋಡ್ತೀನಿ ಮಾವ."

"ಕಾಯ್ತಿರ್ತಾರೆ, ಪಾಪ."

ಅವಳು ಡ್ರಾಯರಿನ ಮೇಲೆ ಅಂಗೈ ಊರಿದಳು. ಮಾವ ಅಂಗಿಯ ಕಾಲರು ಸರಿಮಾಡಿಕೊಂಡು, ತಮ್ಮ ಫೋನಿದ್ದ ಕಡೆಗೆ ತಿರುಗಿ ನೆಟ್ಟಗೆ ಕೂತರು.