ಮೂರನೆಯ ಬೊಟ್ಟು

ಆಯುಧಪೂಜೆಯ ಆ ಬೆಳಗ್ಗೆ ಪೀಣ್ಯದ ಮೇಲೆ ಸೋನೆ ಹಿಡಿದಿತ್ತು. ಮಳೆ ಎನ್ನುವಂತಿಲ್ಲ, ಮಂಜು ಎನ್ನುವಂತಿಲ್ಲ. ಚಿಮಣಿಗಳ ಹೊಗೆ ಮೇಲೇಳಲಾರದೆ ಜನರ ತಲೆಯ ಮಟ್ಟಕ್ಕೇ ನಿಂತಿತ್ತು. ಫ್ಯಾನಿನ ಬಟ್ಟಲು ಮಾಡುವ ಕಾರ್ಖಾನೆಯೊಂದರ ಗೇಟಿನ ಮುಂದೆ, ಒದ್ದೆ ಡಾಂಬರಿನ ಮೇಲೆ ಗೋಣಿಚೀಲ ಹಾಸಿಕೊಂಡು ಕೆಲಸಗಾರರು ಕುಳಿತಿದ್ದರು. ಎಲ್ಲರೂ ಲಗ್ಗೆರೆಯ ಕಡೆಯವರು.

ಮುಂದಿನ ಸಾಲಿನಲ್ಲಿ ಕೃಷ್ಣ. ಬಲಗೈಗೆ ಬಟ್ಟೆ ಸುತ್ತಿತ್ತು. ಬಟ್ಟೆಯೊಳಗೆ ಎರಡು ಬೆರಳು ಇರಲಿಲ್ಲ. ಪಕ್ಕದಲ್ಲಿ ಹೆಂಡತಿ ಧನಲಕ್ಷ್ಮಿ.

ಬೆರಳು ಹೋದದ್ದು ಪವರ್ ಪ್ರೆಸ್ಸಿನಲ್ಲಿ. ತಗಡನ್ನು ಅಚ್ಚಿನ ಮೇಲಿಟ್ಟು ಪೆಡಲು ತುಳಿದರೆ ಮೇಲಿನ ಭಾರ ಧಡ್ ಎಂದು ಇಳಿಯುತ್ತದೆ. ಕೈ ಒಳಗೆ ಹೋಗದಂತೆ ತಡೆಯಲು ಒಂದು ಕಬ್ಬಿಣದ ಜಾಲರಿ ಇತ್ತು. ಗಾರ್ಡು ಎನ್ನುತ್ತಿದ್ದರು. ಗಾರ್ಡಿದ್ದರೆ ಕೆಲಸ ನಿಧಾನ. ದೀಪಾವಳಿಗೆ ದೊಡ್ಡ ಆರ್ಡರು ಬಂತು, ಒಂದು ಬೆಳಗ್ಗೆ ಬಂದು ನೋಡಿದರೆ ಗಾರ್ಡಿಲ್ಲ. ಕೇಳಿದವರಿಗೆ ಮೇಲಿನವರು "ಒತ್ರೋ ಸುಮ್ನೆ" ಎಂದರು. ಒತ್ತಿದರು. ಬೆರಳು ಹೋದ ಮೇಲೆ ಯಜಮಾನ ಹೇಳಿದ್ದೇ ಬೇರೆ: "ಗಾರ್ಡ್ ಬಿಚ್ಚಿದ್ದು ಅವನೇ. ಗುಜರಿಗೆ ಹಾಕಿದಾನೆ. ಕಳ್ಳನಿಗೆ ಕೆಲಸನೂ ಇಲ್ಲ, ಪರಿಹಾರನೂ ಇಲ್ಲ."

ಹಬ್ಬ ಕಳೆದ ಮೇಲೆ ಕಾರ್ಖಾನೆ ಇಲಾಖೆಯ ಇನ್ಸ್‌ಪೆಕ್ಟರ್ ತಪಾಸಣೆಗೆ ಬರುವವರಿದ್ದರು. ಅಷ್ಟರೊಳಗೆ ಗಾರ್ಡು ಸಿಗದಿದ್ದರೆ ಕೃಷ್ಣ ಕಳ್ಳನಾಗಿಯೇ ಉಳಿಯುತ್ತಿದ್ದ.

ಎಲ್ಲರೂ ಕುಳಿತಿದ್ದರೂ ದಾಸಪ್ಪ ಮಾತ್ರ ನಿಂತಿದ್ದ. ಕಾರ್ಖಾನೆಯ ಹಳೇ ಕೈ. ಪ್ರತಿವರ್ಷ ಯಂತ್ರಗಳಿಗೆ ಬೊಟ್ಟಿಟ್ಟು ಕುಂಬಳಕಾಯಿ ಒಡೆಯುವವನು ಅವನೇ. ಅವನು ಒಡೆಯದೆ ಯಂತ್ರ ತಿರುಗಿದ್ದಿಲ್ಲ. ಕೈಯಲ್ಲಿ ಕುಂಕುಮದ ಬಟ್ಟಲು, ಕಂಕುಳಲ್ಲಿ ಬೂದುಗುಂಬಳ.

"ಅಬ್ಬದ ದಿನ ಬೀದೀಲಿ ಕುಂತು ಧಿಕ್ಕಾರ ಕೂಗೋದು ನಂಗೆ ಸರಿಕಾಣಕಿಲ್ಲ ಕಣವ್ವ," ಎಂದ.

"ಯಾರ ಮನೇಲಿ ಹಬ್ಬ ದಾಸಣ್ಣ?" ಧನಲಕ್ಷ್ಮಿ ಕೇಳಿದಳು. "ನಮ್ಮನೇಲಿ ಒಲೆ ಹತ್ಸಿಲ್ಲ. ಒಳಗ್ ನೋಡು, ಹೊಸ ಕಾರಿಗೆ ಬಾಳೆಕಂದು ಕಟ್ಟವ್ರೆ. ನಾಕು ಚಕ್ರಕ್ಕೂ ನಿಂಬೆಹಣ್ಣು. ಕಾರಿಗೆ ಏನೂ ಆಗ್ಬಾರ್ದು. ನನ್ ಗಂಡನ ಕೈಗೆ ಏನಾದ್ರೂ ಆಗ್ಬೋದು."

"ಅವ್ರಿಗೆ ದ್ಯಾವ್ರು ಕೊಟ್ಟವ್ನೆ. ನಾವು ರಸ್ತೆ ತಡೆದ್ರೆ ನಮಗೂ ಕೊಟ್ಟಾನಾ?"

"ದೇವ್ರು ಕೊಟ್ಟಿದ್ದಲ್ಲಣ್ಣ," ಕೃಷ್ಣ ತಲೆಯೆತ್ತಿದ. "ಒಂದೊಂದು ಬಟ್ಲೂ ನಾವು ಒತ್ತಿದ್ದು."

ಪ್ಯಾಕಿಂಗಿನ ಪಿಳ್ಳಮ್ಮ ಎಲೆಯಡಿಕೆ ಚೀಲ ಬಿಚ್ಚಿದಳು. "ನಾನ್ ಬಂದಿರೋದು ಕೂರಕ್ಕಪ್ಪ, ಕೂಗಕ್ಕಲ್ಲ. ಇಲ್ಲೇ ಗಂಟ್ಲು ಕಟ್ಕೊಂಡ್ರೆ ಮನೇಲಿ ಸೊಸೆ ಹತ್ರ ಏನ್ ಮಾಡ್ಲಿ?"

ನಗು ಎದ್ದಿತು. ಅಷ್ಟರಲ್ಲಿ ಹಾರ ಹಾಕಿದ ಸ್ಕೂಟರಿನವನೊಬ್ಬ ಬಂದು ಹಾರನ್ ಒತ್ತತೊಡಗಿದ.

"ಏಳ್ರಯ್ಯ! ಕಷ್ಟ ನಮಗಿಲ್ವಾ? ನಾವೇನ್ ರೋಡಲ್ಲಿ ಕೂತಿದೀವಾ?"

"ಬನ್ನಿ ಸಾರ್, ಕೂತ್ಕೊಳ್ಳಿ," ಧನಲಕ್ಷ್ಮಿ ಸರಿದು ಚೀಲ ತೋರಿಸಿದಳು. "ಜಾಗ ಐತೆ."

ಅವನು ಗೊಣಗುತ್ತ ಸ್ಕೂಟರು ತಿರುಗಿಸಿದ.

ಗೇಟಿನ ಕಿರುಬಾಗಿಲಲ್ಲಿ ಸೂಪರ್‌ವೈಸರ್ ಪಂಚಾಕ್ಷರಿ ನಿಂತಿದ್ದ. ದಾವಣಗೆರೆಯವನು. ಹಣೆಯಲ್ಲಿ ಮೂರುಬೆರಳ ವಿಭೂತಿ. "ನಮ್ಮಪ್ಪನೂ ಹಿಂಗೇ ಮಿಲ್ಲಿನ ಮುಂದೆ ಕುಂತಿದ್ದ," ಎಂದ ಮೆಲ್ಲಗೆ. "ಮಿಲ್ಲು ಮುಚ್ಚಿ ಹೋತು. ಕುಂತೋರು ಕುಂತಲ್ಲೇ ಮುದುಕ್ರಾದ್ರು. ಎದ್ದು ಒಳಗ ಬರ್ರಿ."

ಯಾರೂ ಏಳಲಿಲ್ಲ. ದಾಸಪ್ಪ ಒಬ್ಬನೇ ಒಳಗೆ ನಡೆದ.

"ಹೋಗು, ಹೋಗು! ಸ್ವೀಟ್ ಡಬ್ಬ ಕಾಯ್ತೈತೆ!" ಹಿಂದಿನಿಂದ ಯಾರೋ ಕೂಗಿದರು. ಅವನು ಕಂಕುಳ ಕುಂಬಳಕಾಯಿಯನ್ನು ಬಿಗಿಯಾಗಿ ಹಿಡಿದುಕೊಂಡ. ತಿರುಗಲಿಲ್ಲ.

ಶೆಡ್ಡಿನ ಶಟರು ಮೇಲೆತ್ತಿತ್ತು. ಹೊರಗೆ ಕುಳಿತವರಿಗೆಲ್ಲ ಪ್ರೆಸ್ಸು ಕಾಣುತ್ತಿತ್ತು. ಯಜಮಾನ ರೇಷ್ಮೆ ಪಂಚೆಯುಟ್ಟು ಗಡಿಯಾರ ನೋಡುತ್ತ ನಿಂತಿದ್ದ. "ಬೇಗ ದಾಸಪ್ಪ, ರಾಹುಕಾಲ ಬಂದ್ಬಿಡುತ್ತೆ."

ದಾಸಪ್ಪ ಚಪ್ಪಲಿ ಬಿಟ್ಟ. ಪ್ರೆಸ್ಸಿಗೆ ಕೈಮುಗಿದ. ಚಕ್ರಕ್ಕೊಂದು ಬೊಟ್ಟಿಟ್ಟ. ಅಚ್ಚಿಗೊಂದು ಬೊಟ್ಟಿಟ್ಟ. ಮೂರನೆಯದಕ್ಕೆ ಕುಂಕುಮದ ಬೆರಳು ಚಾಚಿದವನು ಹಾಗೆಯೇ ನಿಂತುಬಿಟ್ಟ. ಪ್ರತಿವರ್ಷ ಆ ಬೊಟ್ಟು ಗಾರ್ಡಿಗೆ. ಈಗ ಅಲ್ಲಿ ಬರಿಯ ಬಯಲು.

"ಏನಯ್ಯ?"

"ಇದನ್ನ ಎಲ್ಲಿ ಇಡ್ಲಿ ಬುದ್ಧಿ?"

"ಎಲ್ಲಾದ್ರೂ ಇಡು. ಕಾಯಿ ಒಡಿ."

ದಾಸಪ್ಪ ಕೈ ಇಳಿಸಲಿಲ್ಲ. "ಭಿನ್ನ ಆಗಿರೋ ದ್ಯಾವ್ರಿಗೆ ಪೂಜೆ ಮಾಡಬಾರ್ದು ಬುದ್ಧಿ. ಇದ್ರ ಒಂದು ಅಂಗನೇ ಕಳ್ತನ ಆಗೈತೆ."

"ಅದನ್ನೇ ತಾನೇ ನಾನೂ ಹೇಳ್ತಿರೋದು? ಕದ್ದೋನು ಹೊರಗೆ ಕೂತಿದಾನೆ."

"ಅಂಗಾದ್ರೆ ಒಂದು ಕೆಲ್ಸ ಮಾಡಣ. ನಮ್ಮೂರಲ್ಲಿ ಗುಡಿ ಒಡವೆ ಹೋದ್ರೆ ದ್ಯಾವ್ರನ್ನ ಮುಟ್ಟಿ ಆಣೆ ಮಾಡ್ತಾರೆ. ಮಾಡಿದ್ ಮ್ಯಾಲೇ ಪೂಜೆ." ದಾಸಪ್ಪ ಅಚ್ಚಿನ ಕಡೆಗೆ ತಿರುಗಿದ. "ಇದ್ರೊಳಗೆ ಕೈ ಇಟ್ಟು, ಕೃಷ್ಣನೇ ತಗಂಡ ಅಂತ ಯೋಳ್ಬುಡಿ ಬುದ್ಧಿ. ಈಗ್ಲೇ ಕಾಯಿ ಒಡೀತೀನಿ."

ಮಾತು ಹೊರಗೂ ಕೇಳಿಸಿತು. ಗುಂಪೆಲ್ಲ ಎದ್ದು ಗೇಟಿನ ಸರಳಿಗೆ ಮುಖ ಒತ್ತಿತು.

ಯಜಮಾನ ನಕ್ಕ. ಒಂದು ಹೆಜ್ಜೆ ಮುಂದಿಟ್ಟ. ಕರೆಂಟು ಇರಲಿಲ್ಲ. ಚಕ್ರ ತಿರುಗುತ್ತಿರಲಿಲ್ಲ. ಆದರೂ ಉಂಗುರ ತೊಟ್ಟ ಅವನ ಕೈ ತೊಡೆಯ ಪಕ್ಕದಲ್ಲೇ ತೂಗಾಡಿತು, ಮೇಲೇಳಲಿಲ್ಲ.

"ನಾಟಕ ಆಡ್ತಿದೀಯಾ? ಪಂಚಾಕ್ಷರಿ, ನೀನ್ ಹೇಳು. ನೀನೇ ಕಾಯಿ ಒಡಿ."

ಪಂಚಾಕ್ಷರಿ ಮುಂದೆ ಬಂದ. ಅಚ್ಚಿನ ಮೂಲೆಯಲ್ಲಿ, ಎಷ್ಟು ಒರೆಸಿದರೂ ಹೋಗದ ಒಂದು ಕಪ್ಪು ಕಲೆ ಇತ್ತು. ಅದನ್ನೇ ನೋಡುತ್ತ ನಿಂತ. ಕೈ ತಾನಾಗಿ ಕೊರಳ ಲಿಂಗದ ಕಡೆಗೆ ಹೋಯಿತು.

"ನನ್ನ ಕೈಲಾಗಂಗಿಲ್ರಿ ಸರ," ಎಂದ.

ರಾಹುಕಾಲ ಬಂತು. ಯಜಮಾನ ಆಫೀಸಿಗೆ ಹೋಗಿ ಬಾಗಿಲು ಹಾಕಿಕೊಂಡ. ಕಾರಿನ ಚಕ್ರದ ಕೆಳಗಿನ ನಿಂಬೆಹಣ್ಣುಗಳು ಹಾಗೆಯೇ ಉಳಿದವು.

ದಾಸಪ್ಪ ಒಡೆಯದ ಕುಂಬಳಕಾಯಿ ಹೊತ್ತು ಹೊರಗೆ ಬಂದ. "ಧಿಕ್ಕಾರ ಪಿಕ್ಕಾರ ನನ್ ಬಾಯಲ್ಲಿ ಬರಾಕಿಲ್ಲ ಕಣವ್ವ," ಎಂದು ಧನಲಕ್ಷ್ಮಿಗೆ ಹೇಳಿದ. "ಕುಂತ್ಕತೀನಿ, ಅಷ್ಟೇಯ."

"ಬಾರಪ್ಪ, ನಮ್ ಪಾರ್ಟಿ!" ಎಂದು ಪಿಳ್ಳಮ್ಮ ಸರಿದು ಜಾಗ ಕೊಟ್ಟಳು. ಸ್ವೀಟ್ ಡಬ್ಬದ ಮಾತಾಡಿದ್ದವನು ತನ್ನ ಗೋಣಿಚೀಲವನ್ನೇ ಎಳೆದು ಅವನಿಗೆ ಹಾಸಿದ.

ಮಧ್ಯಾಹ್ನದ ಹೊತ್ತಿಗೆ ಸೋನೆ ನಿಂತಿತು. ಕಿರುಬಾಗಿಲು ತೆರೆದು ಪಂಚಾಕ್ಷರಿ ಬಂದ. ಎದೆಗೆ ಗೋಣಿಯ ಗಂಟೊಂದನ್ನು ಅವುಚಿಕೊಂಡಿದ್ದ. ತಲೆಯ ಮೇಲೆ, ಆಫೀಸಿನ ಕಿಟಕಿಯ ಪರದೆ ಅಲ್ಲಾಡಿತು. ಅವನು ಅತ್ತ ನೋಡಲಿಲ್ಲ. ಕೃಷ್ಣನ ಮುಂದೆ ಒದ್ದೆ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಗೋಣಿ ಬಿಚ್ಚಿದ.

ಗಾರ್ಡು. ಕಬ್ಬಿಣದ ಸರಳಿನ ಮೇಲೆ ಹೋದ ವರ್ಷದ ಬೊಟ್ಟು ಒಣಗಿ ಇನ್ನೂ ಅಂಟಿಕೊಂಡಿತ್ತು.

"ಸ್ಟೋರಿನಾಗ ಇತ್ತು," ಎಂದ ಪಂಚಾಕ್ಷರಿ. "ಬಿಚ್ಚಿದೋನು ನಾನು. ಕೀಲಿನೂ ನನ್ನ ಹತ್ರಾನೇ ಇತ್ತು."

ಎರಡೂ ಕೈಯಲ್ಲಿ ಎತ್ತಿ ಕೊಟ್ಟ. ಕೃಷ್ಣ ಅಭ್ಯಾಸಬಲದಿಂದ ಬಲಗೈ ಚಾಚಿದ. ಬಟ್ಟೆ ಸುತ್ತಿದ ಆ ಕೈಯನ್ನು ಒಂದು ಗಳಿಗೆ ನೋಡಿದ. ಹಿಂದಕ್ಕೆಳೆದುಕೊಂಡು ಎಡಗೈಯಲ್ಲಿ ತೆಗೆದುಕೊಂಡ.